ಕಣ್ಣಿನ ಪ್ರೆಶರ್ ಡ್ರಾಪ್ಸ್‌ಗೆ ಮೆಡಿಕಲ್‌ನಲ್ಲಿ ‘ಸ್ಟಾಕ್ ಇಲ್ಲ’ ಅಂದರೆ

ಮಂಡ್ಯದಲ್ಲಿ ನಮ್ಮ ಬೀದಿಯ ತುದಿಯಲ್ಲೇ ಒಂದು ಮೆಡಿಕಲ್ ಸ್ಟೋರ್ ಇದೆ. ಅಮ್ಮನ ಕಣ್ಣಿಗೆ ರಾತ್ರಿ ಹೊತ್ತು ಹಾಕುವ ಡ್ರಾಪ್ಸ್‌ನ ಖಾಲಿ ಡಬ್ಬಿ ಹಿಡಿದುಕೊಂಡು ಹೋಗಿದ್ದೆ. ಅಂಗಡಿಯವರು ಡಬ್ಬಿ ತಿರುಗಿಸಿ ನೋಡಿದರು. ಫ್ರಿಜ್ ಬಾಗಿಲು ತೆಗೆದು ಇನ್ಸುಲಿನ್ ಡಬ್ಬಿಗಳನ್ನು ಆಚೀಚೆ ಸರಿಸಿ, ಮತ್ತೆ ಮುಚ್ಚಿದರು. ‘ಇಲ್ಲ ಅಣ್ಣ, ಹದಿನೈದು ದಿನದಿಂದ ಬರ್ತಾನೇ ಇಲ್ಲ.’ ಎರಡನೇ ಅಂಗಡಿಯಲ್ಲಿ ಡಬ್ಬಿಯನ್ನು ಕೈಗೂ ತಗೊಳ್ಳಲಿಲ್ಲ. ಮೂರನೆಯವರು ‘ಕಂಪನಿಯವರೇ ನಿಲ್ಲಿಸಿಬಿಟ್ರಂತೆ’ ಅಂದರು. ಮನೆಯಲ್ಲಿದ್ದ ಬಾಟಲಿಯಲ್ಲಿ ಇನ್ನು ಮೂರು ರಾತ್ರಿಗೆ ಆಗುವಷ್ಟು ಇತ್ತು. ಅದೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಮಾಡಿದ ಅಂದಾಜು.

ಮರುದಿನ ಔಷಧ ಸಿಕ್ಕಿತು. ಎಲ್ಲಿ ಅಂತೀರಾ? ಅದೇ ಮೊದಲನೇ ಅಂಗಡಿಯಲ್ಲಿ, ಅದೇ ಫ್ರಿಜ್‌ನಲ್ಲಿ. ಹಿಂದಿನ ದಿನ ಅವರು ಸರಿಸಿದ ಡಬ್ಬಿಗಳ ನಡುವೆಯೇ ಅದು ಇತ್ತು. ಹೆಸರು ಮಾತ್ರ ಬೇರೆ.

ಹಾಗಾದರೆ ‘ಇಲ್ಲ’ ಅಂದವರು ಸುಳ್ಳು ಹೇಳಿದರಾ? ಇಲ್ಲ. ಅವರು ಹೇಳಿದ್ದು ನಿಜವೇ. ನಾನು ಕೇಳಿದ್ದು ತಪ್ಪು. ಯಾಕೆ ಅಂತ ಗೊತ್ತಾಗಬೇಕಾದರೆ ಮೊದಲು ಆ ಹನಿ ಕಣ್ಣೊಳಗೆ ಏನು ಮಾಡುತ್ತದೆ ಅನ್ನೋದನ್ನು ನೋಡಬೇಕು.

ಕಣ್ಣೊಳಗಿನ ಒಳಹರಿವು, ಹೊರಹರಿವು

ಮಳೆಗಾಲದಲ್ಲಿ ಪತ್ರಿಕೆ ತೆಗೆದ ಕೂಡಲೇ ಕೆಆರ್‌ಎಸ್ ಮಟ್ಟ ನೋಡುವುದು ಮಂಡ್ಯದವರಿಗೆ ಹುಟ್ಟಿನಿಂದ ಬಂದ ಚಾಳಿ. ಗರಿಷ್ಠ ಮಟ್ಟ 124.80 ಅಡಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕಣ್ಣಿನ ಕಥೆಯೂ ಇದೇ.

ಕಣ್ಣಿನ ಮುಂಭಾಗದಲ್ಲಿ ತಿಳಿ ನೀರಿನಂಥ ದ್ರವ ಯಾವಾಗಲೂ ಓಡಾಡುತ್ತಿರುತ್ತದೆ. ಇದು ಕಣ್ಣೀರಲ್ಲ. ಕಣ್ಣೀರು ಹೊರಗಿನದು, ಇದು ಗುಡ್ಡೆಯ ಒಳಗಿನದು. ಒಳಗೇ ತಯಾರಾಗಿ, ಪಾಪೆಯ ಮೂಲಕ ಮುಂದಕ್ಕೆ ಬಂದು, ಅಂಚಿನಲ್ಲಿರುವ ಜರಡಿಯಂಥ ಜಾಗದಿಂದ ಸೋರಿ ರಕ್ತಕ್ಕೆ ಸೇರಿಹೋಗುತ್ತದೆ. ನಿಮಿಷಕ್ಕೆ 2ರಿಂದ 3 ಮೈಕ್ರೊಲೀಟರ್ ಅಷ್ಟೇ. ಡ್ರಾಪ್ಸ್ ಬಾಟಲಿಯಿಂದ ಬೀಳುವ ಒಂದು ಹನಿಯಷ್ಟು ಆಗಬೇಕಾದರೆ ಹೆಚ್ಚುಕಡಿಮೆ ಕಾಲು ಗಂಟೆ ಬೇಕು.

ಜರಡಿ ಕಟ್ಟಿಕೊಂಡರೆ? ಒಳಹರಿವು ನಿಲ್ಲುವುದಿಲ್ಲ, ಹೊರಹರಿವು ಕಮ್ಮಿಯಾಗುತ್ತದೆ. ಕಟ್ಟೆ ತುಂಬುತ್ತದೆ. ಇದೇ ‘ಕಣ್ಣಿನ ಪ್ರೆಶರ್’. ಬಿ.ಪಿ.ಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಬಿ.ಪಿ. ಮಾತ್ರೆ ತಗೊಂಡರೆ ಇದು ಸರಿಹೋಗುವುದಿಲ್ಲ. ಸಾಮಾನ್ಯವಾಗಿ ಕಣ್ಣಿನ ಒತ್ತಡ 10ರಿಂದ 21 ಇರುತ್ತದೆ. ಅಳತೆ ಪಾದರಸದ ಮಿಲಿಮೀಟರ್‌ನಲ್ಲಿ. ಅದು ಏರಿದಾಗ ಪೆಟ್ಟು ಬೀಳುವುದು ಹಿಂದೆ, ಕಣ್ಣಿಂದ ಮಿದುಳಿಗೆ ಹೋಗುವ ನರಕ್ಕೆ. ಆ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಒಂದೊಂದೇ ಎಳೆ ಒಣಗುತ್ತಾ ಹೋಗುವುದೇ ಗ್ಲಾಕೋಮಾ. ಕೆಲವರಿಗೆ ಒತ್ತಡ 21ರ ಒಳಗಿದ್ದರೂ ನರ ಹಾಳಾಗುತ್ತದೆ. ಅದಕ್ಕೇ ಡಾಕ್ಟರ್ ಒಬ್ಬರಿಗೆ 18 ಸಾಕು ಅಂದರೆ ಇನ್ನೊಬ್ಬರಿಗೆ 12ಕ್ಕೆ ಇಳಿಸಬೇಕು ಅನ್ನುತ್ತಾರೆ. ಕೆಆರ್‌ಎಸ್ ಥರ ಎಲ್ಲರಿಗೂ ಒಂದೇ ಅಂಕಿ ಇಲ್ಲ.

ಪೊರೆ ಬಂದರೆ ಆಪರೇಷನ್ ಮಾಡಿಸಿ ದೃಷ್ಟಿ ವಾಪಸ್ ಪಡೆಯಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಹೋದಂತೆಯೇ. ಡ್ರಾಪ್ಸ್ ಹಾಕುವುದು ಉಳಿದಿದ್ದನ್ನು ಕಾಪಾಡಿಕೊಳ್ಳೋಕೆ. ಇನ್ನೊಂದು ಪೇಚು ಏನೆಂದರೆ, ಸಾಮಾನ್ಯ ಬಗೆಯ ಗ್ಲಾಕೋಮಾದಲ್ಲಿ ನೋವಿಲ್ಲ, ಕೆಂಪಾಗುವುದಿಲ್ಲ. ದೃಷ್ಟಿ ಪಕ್ಕದಿಂದ ಸವೆಯುತ್ತಾ ಬರುತ್ತದೆ. ಎದುರಿಗಿರುವ ಟಿ.ವಿ. ಚೆನ್ನಾಗೇ ಕಾಣುತ್ತದೆ, ಪಕ್ಕದಿಂದ ಬರುವ ಬೈಕ್ ಕಾಣುವುದಿಲ್ಲ. ಹತ್ತು ದಿನ ಡ್ರಾಪ್ಸ್ ಬಿಟ್ಟರೂ ‘ಏನೂ ಆಗಿಲ್ವಲ್ಲ’ ಅನ್ನಿಸುತ್ತದೆ. ಹಲ್ಲು ನೋವಾಗಿದ್ದರೆ ರಾತ್ರಿಯೇ ಓಡುತ್ತಿದ್ದೆವು. ಇಲ್ಲಿ ಓಡಿಸುವ ನೋವೇ ಇಲ್ಲ. ಸ್ಟಾಕ್ ಇಲ್ಲ ಅಂದಾಗ ‘ಬಂದಾಗ ತಗೊಂಡರಾಯ್ತು’ ಅಂತ ಸುಮ್ಮನಾಗುವುದು ಇದಕ್ಕೇ.

ಹನಿ ಮಾಡುವ ಕೆಲಸ

ಕಟ್ಟೆ ತುಂಬಿದರೆ ದಾರಿ ಎರಡೇ ಅಲ್ವಾ? ಬರುವ ನೀರು ಕಮ್ಮಿ ಮಾಡಬೇಕು, ಇಲ್ಲವೇ ತೂಬು ತೆಗೆಯಬೇಕು. ಗ್ಲಾಕೋಮಾ ಡ್ರಾಪ್ಸ್‌ಗಳೆಲ್ಲ ಈ ಎರಡರಲ್ಲಿ ಒಂದನ್ನೋ ಎರಡನ್ನೂ ಸೇರಿಸಿಯೋ ಮಾಡುತ್ತವೆ.

ರಾತ್ರಿ ಒಂದೇ ಸಲ ಹಾಕುವ ಲಟಾನೊಪ್ರಾಸ್ಟ್, ಟ್ರಾವೊಪ್ರಾಸ್ಟ್, ಬಿಮಾಟೊಪ್ರಾಸ್ಟ್ ಒಂದು ಮನೆತನದವು. ಮೂರರ ಹೆಸರೂ ‘ಪ್ರಾಸ್ಟ್’ ಅಂತಲೇ ಮುಗಿಯುತ್ತದೆ, ಗುರುತು ಇಟ್ಟುಕೊಳ್ಳೋದು ಸುಲಭ. ಇವು ಮುಖ್ಯ ಜರಡಿಯ ಜೊತೆಗಿರುವ ಇನ್ನೊಂದು ದಾರಿಯನ್ನು ಅಗಲ ಮಾಡುತ್ತವೆ, ಉಪನಾಲೆ ತೆಗೆದು ಬಿಟ್ಟಂತೆ. ವರ್ಷಗಟ್ಟಲೆ ಹಾಕಿದವರಿಗೆ ರೆಪ್ಪೆಗೂದಲು ಉದ್ದ ಬೆಳೆಯುತ್ತದೆ. ಅಮ್ಮನ ರೆಪ್ಪೆ ನೋಡಿ ಮದುವೆ ಮನೆಯಲ್ಲಿ ಯಾರೋ ‘ಏನ್ ಹಚ್ಕೋತೀರಾ?’ ಅಂತ ಕೇಳಿದ್ದೂ ಉಂಟು.

ಟಿಮೊಲಾಲ್ ಹಳಬ. 1970ರ ದಶಕದಿಂದ ಇದೆ, ಬೆಲೆಯೂ ಕಮ್ಮಿ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಇದು ಒಳಹರಿವನ್ನೇ ಇಳಿಸುತ್ತದೆ. ಡೋರ್ಜೊಲಮೈಡ್, ಬ್ರಿಂಜೊಲಮೈಡ್ ಕೂಡ ಒಳಹರಿವು ತಗ್ಗಿಸುವವೇ. ಬ್ರಿಮೊನಿಡಿನ್ ಎರಡೂ ಕೆಲಸ ಸ್ವಲ್ಪ ಸ್ವಲ್ಪ ಮಾಡುತ್ತದೆ. ರಿಪಾಸುಡಿಲ್, ನೆಟಾರ್ಸುಡಿಲ್ ಹೊಸಬರು. ಅವು ಕಟ್ಟಿಕೊಂಡ ಜರಡಿಯನ್ನೇ ಸಡಿಲ ಮಾಡುತ್ತವೆ. ಒಂದರಿಂದ ಪ್ರೆಶರ್ ಇಳಿಯದಿದ್ದರೆ ಎರಡು ಔಷಧ ಸೇರಿಸಿದ ಒಂದೇ ಬಾಟಲಿ ಬರೆಯುತ್ತಾರೆ.

ಇಷ್ಟೆಲ್ಲ ಹೆಸರು ನೆನಪಿಟ್ಟುಕೊಳ್ಳಬೇಕಿಲ್ಲ. ನಿಮ್ಮ ಮನೆಯ ಬಾಟಲಿಯಲ್ಲಿರುವ ಹೆಸರು ಒಂದು ಗೊತ್ತಿದ್ದರೆ ಸಾಕು.

‘ಇಲ್ಲ’ ಅನ್ನೋ ಮಾತಿಗೆ ಮೂರು ಅರ್ಥ

ಔಷಧ ಕಾರ್ಖಾನೆಯಿಂದ ನೇರ ನಮ್ಮ ಬೀದಿಗೆ ಬರುವುದಿಲ್ಲ. ಕಂಪನಿಯಿಂದ ರಾಜ್ಯದ ಡಿಪೋಗೆ, ಅಲ್ಲಿಂದ ಊರಿನ ಸ್ಟಾಕಿಸ್ಟ್‌ಗೆ, ಸ್ಟಾಕಿಸ್ಟ್‌ನಿಂದ ಮೆಡಿಕಲ್‌ಗೆ. ಈ ಸಾಲಿನಲ್ಲಿ ಎಲ್ಲಿ ಕಡಿದರೂ ಕೌಂಟರ್‌ನಲ್ಲಿ ನಮಗೆ ಕೇಳಿಸುವ ಮಾತು ಒಂದೇ, ‘ಸ್ಟಾಕ್ ಇಲ್ಲ’. ಆದರೆ ಎಲ್ಲಿ ಕಡಿದಿದೆ ಅನ್ನೋದರ ಮೇಲೆ ನಾವು ಮಾಡಬೇಕಾದ್ದು ಬೇರೆ ಬೇರೆ.

ಮೊದಲನೇ ಅರ್ಥ: ಈ ಅಂಗಡಿಯಲ್ಲಿ ಇಲ್ಲ. ಇದೇ ಜಾಸ್ತಿ. ಜ್ವರದ ಮಾತ್ರೆ ದಿನಕ್ಕೆ ಹತ್ತಾರು ಸ್ಟ್ರಿಪ್ ಹೋಗುತ್ತದೆ, ಗ್ಲಾಕೋಮಾ ಡ್ರಾಪ್ಸ್ ತಿಂಗಳಿಗೆ ಒಂದೋ ಎರಡೋ. ತಂದಿಟ್ಟು ಎಕ್ಸ್‌ಪೈರಿ ಆದರೆ ಅಂಗಡಿಯವರಿಗೆ ತಲೆನೋವು. ಅದೂ ಫ್ರಿಜ್‌ನಲ್ಲಿ ಇಡಬೇಕಾದ ಮಾಲು. ಹಾಗಾಗಿ ಯಾವ ಕಣ್ಣಿನ ಡಾಕ್ಟರ್ ಯಾವ ಬ್ರ್ಯಾಂಡ್ ಬರೆಯುತ್ತಾರೋ ಅದು ಅವರ ಕ್ಲಿನಿಕ್‌ ಕೆಳಗಿನ, ಎದುರಿನ ಮೆಡಿಕಲ್‌ನಲ್ಲಿ ಇರುತ್ತದೆ. ಮೈಸೂರಿನ ಡಾಕ್ಟರ್ ಚೀಟಿ ಹಿಡಿದು ಮದ್ದೂರಲ್ಲಿ, ಪಾಂಡವಪುರದಲ್ಲಿ ಕೇಳಿದರೆ ಸಿಗದಿರುವುದು ಇದೇ ಕಾರಣಕ್ಕೆ. ಇಲ್ಲಿ ಕೇಳಬೇಕಾದ ಪ್ರಶ್ನೆ: ‘ಸ್ಟಾಕಿಸ್ಟ್ ಹತ್ರ ಇದ್ಯಾ? ತರಿಸಿಕೊಡ್ತೀರಾ?’ ಮೆಡಿಕಲ್‌ನವರು ಫೋನ್‌ನಲ್ಲೋ ವಾಟ್ಸಾಪ್‌ನಲ್ಲೋ ಆರ್ಡರ್ ಹಾಕುತ್ತಾರೆ. ಸ್ಟಾಕಿಸ್ಟ್ ಬಳಿ ಇದ್ದರೆ ಅವತ್ತು ಸಂಜೆಯೋ ಮರುದಿನವೋ ಹುಡುಗ ತಂದು ಕೊಡುತ್ತಾನೆ. ಶನಿವಾರ ಸಂಜೆ ಹೇಳಿದರೆ ಮಾತ್ರ ಸೋಮವಾರದ ಮಾತು.

ಎರಡನೆಯದು: ಸ್ಟಾಕಿಸ್ಟ್ ಬಳಿಯೇ ಇಲ್ಲ. ಕಂಪನಿ ಸ್ಟಾಕಿಸ್ಟ್ ಬದಲಾಯಿಸಿದಾಗ, ಇಬ್ಬರ ನಡುವೆ ದುಡ್ಡಿನ ಲೆಕ್ಕ ಕೂಡದಾಗ, ಡಿಪೋದಿಂದ ಲಾರಿ ತಡವಾದಾಗ ಒಂದು ಜಿಲ್ಲೆಯಲ್ಲಿ ಇರುವುದಿಲ್ಲ, ಪಕ್ಕದ ಜಿಲ್ಲೆಯಲ್ಲಿ ಧಾರಾಳ ಇರುತ್ತದೆ. ನಮ್ಮ ಮನೆಗೆ ಆಗಿದ್ದು ಇದು. ಮಂಡ್ಯದಲ್ಲಿ ಸ್ಟಾಕಿಸ್ಟ್ ಬದಲಾಗಿದ್ದರು, ಹೊಸಬರಿಗೆ ಇನ್ನೂ ಮಾಲು ಬಂದಿರಲಿಲ್ಲ. ‘ಕಂಪನಿ ನಿಲ್ಲಿಸಿದೆ’ ಅನ್ನೋದು ಬಾಯಿಂದ ಬಾಯಿಗೆ ಬೆಳೆದ ಸುದ್ದಿ.

ಮೂರನೆಯದು ನಿಜವಾದ ಕೊರತೆ. ಕಣ್ಣಿನ ಡ್ರಾಪ್ಸ್ ಮಾಡುವುದು ಮಾತ್ರೆ ಒತ್ತಿದಷ್ಟು ಸಲೀಸಲ್ಲ. ಔಷಧ, ಬಾಟಲಿ, ಅದರ ಮೂತಿ ಎಲ್ಲವೂ ಒಂದೂ ಸೂಕ್ಷ್ಮಾಣು ಇಲ್ಲದಂತೆ ಇರಬೇಕು. ಪರೀಕ್ಷೆಯಲ್ಲಿ ಎಡವಿದರೆ ಇಡೀ ಬ್ಯಾಚ್ ಹೊರಗೆ ಬರುವುದಿಲ್ಲ. ‘ಪ್ರಾಸ್ಟ್’ ಮನೆತನದ ಕಚ್ಚಾವಸ್ತು ತಯಾರಿಸುವ ಕಾರ್ಖಾನೆಗಳೂ ಬೆರಳೆಣಿಕೆಯವು. ಅಲ್ಲಿ ತೊಂದರೆಯಾದರೆ ಏಕಕಾಲಕ್ಕೆ ಹಲವು ಬ್ರ್ಯಾಂಡ್‌ಗೆ ಹೊಡೆತ.

ಆದರೂ ‘ರಾತ್ರೋರಾತ್ರಿ ನಿಲ್ಲಿಸಿದರು’ ಅನ್ನೋದನ್ನು ಅಷ್ಟು ಸುಲಭಕ್ಕೆ ನಂಬಬೇಡಿ. ಟಿಮೊಲಾಲ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. 2022ರ ಪಟ್ಟಿಗೆ ಲಟಾನೊಪ್ರಾಸ್ಟ್ ಕೂಡ ಸೇರಿತು. ಈ ಪಟ್ಟಿಯ ಔಷಧಗಳಿಗೆ ಸರ್ಕಾರ ಗರಿಷ್ಠ ಬೆಲೆ ಕಟ್ಟುತ್ತದೆ. ಅಂಥ ಔಷಧದ ತಯಾರಿಕೆ ನಿಲ್ಲಿಸಬೇಕಾದರೆ ಕಂಪನಿ ಕನಿಷ್ಠ 6 ತಿಂಗಳು ಮುಂಚೆ ಸರ್ಕಾರಕ್ಕೆ ತಿಳಿಸಿ, ಸಾರ್ವಜನಿಕ ನೋಟಿಸ್ ಕೊಡಬೇಕು ಅಂತ 2013ರ ಔಷಧ ಬೆಲೆ ನಿಯಂತ್ರಣ ಆದೇಶ ಹೇಳುತ್ತದೆ.

ಡಬ್ಬಿಯ ಮೇಲೆ ಎರಡು ಹೆಸರು

ಈಗ ನಾನು ಕೇಳಿದ್ದು ಯಾಕೆ ತಪ್ಪು ಅನ್ನೋದಕ್ಕೆ ಬರೋಣ.

ಮನೆಯಲ್ಲಿರುವ ಡಬ್ಬಿ ತೆಗೆದು ನೋಡಿ. ದೊಡ್ಡ ಬಣ್ಣದ ಅಕ್ಷರದಲ್ಲಿ ಒಂದು ಹೆಸರು ಇರುತ್ತದೆ. ಅದು ಬ್ರ್ಯಾಂಡ್, ಕಂಪನಿ ಇಟ್ಟ ಹೆಸರು. ಅದರ ಮೇಲೋ ಕೆಳಗೋ ಇನ್ನೊಂದು ಹೆಸರು, ಪಕ್ಕದಲ್ಲಿ ಪ್ರಮಾಣ. ಅದು ಔಷಧದ ಹೆಸರು. ಸಕ್ಕರೆ ಮಂಡ್ಯದ ಮೈಷುಗರ್‌ನಿಂದ ಬಂದರೂ ಸಕ್ಕರೆಯೇ, ಬೇರೆ ಫ್ಯಾಕ್ಟರಿಯಿಂದ ಬಂದರೂ ಸಕ್ಕರೆಯೇ. ಚೀಲದ ಮೇಲಿನ ಹೆಸರು ಬೇರೆ, ಒಳಗಿರುವುದು ಒಂದೇ. ಐಓಟಿಮ್, ಗ್ಲುಕೊಮೋಲ್ ಎರಡೂ ಬೇರೆ ಬೇರೆ ಕಂಪನಿಗಳ ಡ್ರಾಪ್ಸ್. ಎರಡರಲ್ಲೂ ಇರುವುದು ಟಿಮೊಲಾಲ್. ನಾನು ಮೂರು ಅಂಗಡಿಯಲ್ಲೂ ಚೀಲದ ಹೆಸರು ಕೇಳಿಕೊಂಡು ಓಡಾಡಿದ್ದೆ, ಸಕ್ಕರೆ ಕೇಳಿರಲಿಲ್ಲ.

ಇದಕ್ಕೆ ಕೇಂದ್ರ ಸರ್ಕಾರದ ಔಷಧ ಬೆಲೆ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಅನ್ನೋ ಆ್ಯಪ್ ಇದೆ. ನಿಮ್ಮ ಬ್ರ್ಯಾಂಡ್ ಹಾಕಿದರೆ ಅದೇ ಔಷಧದ ಬೇರೆ ಬ್ರ್ಯಾಂಡ್‌ಗಳು, ಅವುಗಳ ಬೆಲೆ ತೋರಿಸುತ್ತದೆ. ಬೆಲೆಯಲ್ಲಿರುವ ವ್ಯತ್ಯಾಸ ನೋಡಿದರೆ ಒಮ್ಮೆ ಕಣ್ಣುಜ್ಜಿಕೊಳ್ಳುತ್ತೀರಿ.

ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ಮುಗಿಯಲಿಲ್ಲ. ಪ್ರಮಾಣವೂ ಅದೇ ಇರಬೇಕು. ಬಿಮಾಟೊಪ್ರಾಸ್ಟ್ ಶೇ. 0.01ರದ್ದೂ ಇದೆ, 0.03ರದ್ದೂ ಇದೆ. ಟಿಮೊಲಾಲ್ 0.25 ಇದೆ, 0.5 ಇದೆ. ಬ್ರ್ಯಾಂಡ್ ಹೆಸರಿನ ಬಾಲವನ್ನೂ ಓದಬೇಕು. ಕೊನೆಯಲ್ಲಿ ‘ಟಿ’ ಅಂತ ಇದ್ದರೆ ಸಾಮಾನ್ಯವಾಗಿ ಟಿಮೊಲಾಲ್ ಸೇರಿಸಿದ್ದಾರೆ ಅಂತ ಅರ್ಥ. ಇದೊಂದು ಅಕ್ಷರ ಕೆಲವರಿಗೆ ಜೀವದ ಪ್ರಶ್ನೆ. ಟಿಮೊಲಾಲ್ ಕಣ್ಣಿಗೆ ಹಾಕಿದರೂ ಮೂಗಿನ ಒಳಕ್ಕೆ ಇಳಿದು ರಕ್ತಕ್ಕೆ ಸೇರುತ್ತದೆ. ಉಬ್ಬಸ ಇರುವವರಿಗೆ ಉಸಿರು ಕಟ್ಟಿಸಬಹುದು, ಹೃದಯದ ಬಡಿತ ಮೊದಲೇ ನಿಧಾನ ಇರುವವರಿಗೆ ಇನ್ನೂ ನಿಧಾನ ಮಾಡಬಹುದು. ಅಂಥವರ ಡಾಕ್ಟರ್ ಬೇಕೆಂದೇ ಅದನ್ನು ಬಿಟ್ಟು ಬೇರೆ ಬರೆದಿರುತ್ತಾರೆ. ‘ಇದೂ ಪ್ರೆಶರ್‌ದೇ ತಗೊಳ್ಳಿ’ ಅಂತ ಯಾರಾದರೂ ಕೊಟ್ಟರೆ ಇಸ್ಕೊಳ್ಳುವ ಮುಂಚೆ ಡಬ್ಬಿ ಓದಿ. ‘ಕಣ್ಣಿನ ಡ್ರಾಪ್ಸ್’ ಅಂತ ಸುಮ್ನೆ ತಂದ ಬಾಟಲಿಯಲ್ಲಿ ಸ್ಟೀರಾಯ್ಡ್ ಇದ್ದರಂತೂ ಅದು ಪ್ರೆಶರ್ ಏರಿಸಲೂಬಹುದು.

ಅಂಗಡಿಯವರು ಬೇರೆ ಬ್ರ್ಯಾಂಡ್ ಯಾಕೆ ಕೊಡಲಿಲ್ಲ?

‘ಅದೇ ಔಷಧ ಫ್ರಿಜ್‌ನಲ್ಲಿ ಇತ್ತಲ್ಲ, ಅವತ್ತೇ ಹೇಳಬಾರದಿತ್ತಾ?’ ಅಂತ ಆಮೇಲೆ ಕೇಳಿದೆ. ‘ನೀವು ಕೇಳಿದ್ದು ಅದಲ್ಲವಲ್ಲಣ್ಣ. ಚೀಟಿಲಿ ಬರೆದಿರೋದು ಬಿಟ್ಟು ಬೇರೆ ಕೊಟ್ರೆ ನಾಳೆ ನನ್ನ ತಲೆಗೆ ಬರುತ್ತೆ’ ಅಂದರು.

ಅವರು ಹೇಳಿದ್ದರಲ್ಲಿ ಕಾನೂನಿದೆ. ಡಾಕ್ಟರ್ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಗಳ ಚೀಟಿಯಲ್ಲಿ ಒಂದು ಹೆಸರು ಇದ್ದಾಗ, ಅದರ ಬದಲು ಇನ್ನೊಂದನ್ನು, ಒಳಗಿನ ಔಷಧ ಅದೇ ಇದ್ದರೂ, ಕೊಡುವಂತಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮ ಹೀಗೆ ಹೇಳುತ್ತದೆ. ಎಷ್ಟೋ ಕಡೆ ಕೊಟ್ಟುಬಿಡುತ್ತಾರೆ, ಅದು ಬೇರೆ ಮಾತು. ಕೊಡದವರ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ.

ಗಂಟು ಬಿಡಿಸುವುದು ಡಾಕ್ಟರ್ ಪೆನ್. ಕ್ಲಿನಿಕ್‌ಗೆ ಫೋನ್ ಮಾಡಿ, ಈ ಬ್ರ್ಯಾಂಡ್ ಸಿಗ್ತಿಲ್ಲ, ಔಷಧದ ಹೆಸರಲ್ಲೇ ಬರೆದುಕೊಡಿ ಅಂತ ಕೇಳಿ. ನಮಗೆ ರಿಸೆಪ್ಷನ್‌ನಲ್ಲಿದ್ದ ಹುಡುಗಿ ಹಳೇ ಚೀಟಿಯ ಫೋಟೋ ಕಳಿಸಲು ಹೇಳಿದಳು. ಮಧ್ಯಾಹ್ನದೊಳಗೆ ಹೊಸ ಚೀಟಿ ವಾಟ್ಸಾಪ್‌ಗೆ ಬಂತು. ಅದರಲ್ಲಿ ಬ್ರ್ಯಾಂಡ್ ಇರಲಿಲ್ಲ, ಔಷಧದ ಹೆಸರು, ಪ್ರಮಾಣ, ‘ರಾತ್ರಿ 1 ಹನಿ, ಎರಡೂ ಕಣ್ಣು’ ಅಂತ ಇತ್ತು. ಅದನ್ನು ತೋರಿಸಿದ ಮೇಲೇ ಆ ಫ್ರಿಜ್‌ನಿಂದ ಡಬ್ಬಿ ಹೊರಗೆ ಬಂದಿದ್ದು.

ಫೋನ್ ಮಾಡಿದಾಗಲೇ ಇನ್ನೆರಡು ವಿಷಯ ಕೇಳಬಹುದು. ಕಂಪನಿಯವರು ಕೊಟ್ಟ ಸ್ಯಾಂಪಲ್ ಬಾಟಲಿ ಕೆಲವು ಡಾಕ್ಟರ್‌ಗಳ ಬಳಿ ಇರುತ್ತದೆ, ಒಂದು ವಾರ ದೂಡಲು ಸಾಕು. ಎರಡನೇ ವಿಷಯ ಜೋಡಿ ಔಷಧ ಹಾಕುವವರಿಗೆ. ಎರಡು ಔಷಧ ಸೇರಿದ ಬಾಟಲಿ ಸಿಗದಿದ್ದರೆ ಅವೇ ಎರಡನ್ನು ಬೇರೆ ಬೇರೆ ಬಾಟಲಿಯಲ್ಲಿ ಬರೆದುಕೊಡಲು ಆಗುತ್ತದಾ ಅಂತ ಕೇಳಿ. ಬ್ರಿಮೊನಿಡಿನ್ ಮತ್ತು ಟಿಮೊಲಾಲ್ ಜೋಡಿ ಸಿಗದ ಊರಲ್ಲೂ ಬಿಡಿ ಬಾಟಲಿಗಳು ಸಿಗುವ ಸಾಧ್ಯತೆ ಇದೆ. ಒಂದು ಹನಿ ಹಾಕಿ 5 ನಿಮಿಷ ಬಿಟ್ಟು ಇನ್ನೊಂದು ಹಾಕಬೇಕು, ಅಷ್ಟೇ ಕಷ್ಟ.

ಎಲ್ಲಿ ಹುಡುಕೋದು?

ಬಿಸಿಲಲ್ಲಿ ಅಂಗಡಿಯಿಂದ ಅಂಗಡಿಗೆ ಸುತ್ತಬೇಡಿ, ಫೋನ್ ಹಿಡಿಯಿರಿ. ಡಬ್ಬಿಯ ಎರಡು ಬದಿಯ ಫೋಟೋ ಮತ್ತು ಚೀಟಿಯ ಫೋಟೋ ಫೋನ್‌ನಲ್ಲಿ ಇಟ್ಟುಕೊಂಡಿರಿ. ಹೆಸರು ಉಚ್ಚರಿಸಲು ಹೋಗಿ ಲಟಾನೋ, ಲೊಟನೋ ಅಂತ ಒದ್ದಾಡುವ ಬದಲು ಫೋಟೋ ಕಳಿಸಿದರೆ ಅವರಿಗೂ ಸುಲಭ. ಕೇಳುವ ಮಾತು ಹೀಗಿರಲಿ: ‘ಲಟಾನೊಪ್ರಾಸ್ಟ್ 0.005, ಯಾವ ಕಂಪನಿದಾದ್ರೂ ಸರಿ, ಚೀಟಿ ಇದೆ. ಇದ್ರೆ ಒಂದು ಎತ್ತಿಡಿ, ಬರ್ತೀನಿ.’

ಮೊದಲು ವಿಚಾರಿಸಬೇಕಾದ್ದು ನಿಮ್ಮ ಡಾಕ್ಟರ್ ಕ್ಲಿನಿಕ್‌ ಕೆಳಗಿನ ಮೆಡಿಕಲ್‌ನಲ್ಲಿ. ನಂತರ ಕಣ್ಣಿನ ಆಸ್ಪತ್ರೆಗಳ ಒಳಗಿನ ಫಾರ್ಮಸಿ. ಅಲ್ಲಿ ದಿನವೂ ಗ್ಲಾಕೋಮಾ ರೋಗಿಗಳು ಬರುವುದರಿಂದ ಮಾಲು ಓಡುತ್ತಿರುತ್ತದೆ, ಹಳೇದೂ ಇರುವುದಿಲ್ಲ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಸುತ್ತ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಸುತ್ತಮುತ್ತ ಸಾಲು ಮೆಡಿಕಲ್‌ಗಳಿವೆ. ರಾಮಾನುಜ ರಸ್ತೆಯ ಕಡೆ ಜೆಎಸ್‌ಎಸ್ ಆಸ್ಪತ್ರೆ ಇದೆ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುವವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ, ಅವರ ಕೈಯಲ್ಲಿ ತರಿಸಬಹುದು.

ಸರ್ಕಾರಿ ಆಸ್ಪತ್ರೆಯನ್ನು ಮರೆಯಬೇಡಿ. ಕೆ.ಆರ್. ಆಸ್ಪತ್ರೆ 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು. ಅಲ್ಲಿಯ ಕಣ್ಣಿನ ವಿಭಾಗದಲ್ಲಿ ಚೀಟಿ ಮಾಡಿಸಿ ತೋರಿಸಿದರೆ ಪ್ರೆಶರ್ ಅಳೆಯುತ್ತಾರೆ, ಬದಲಿ ಔಷಧವನ್ನೂ ಡಾಕ್ಟರೇ ಬರೆಯುತ್ತಾರೆ. ಬೆಂಗಳೂರಿನಲ್ಲಾದರೆ 1896ರಿಂದ ಇರುವ ಮಿಂಟೋ ಕಣ್ಣಿನ ಆಸ್ಪತ್ರೆ.

ಜನೌಷಧಿ ಕೇಂದ್ರಗಳಲ್ಲಿ ಔಷಧ ಮಾರುವುದೇ ಔಷಧದ ಹೆಸರಲ್ಲಿ, ಅಲ್ಲಿ ಬ್ರ್ಯಾಂಡ್ ಗೊಂದಲ ಇಲ್ಲ. ಬೆಲೆಯೂ ತುಂಬ ಕಮ್ಮಿ. ಎಲ್ಲ ಕೇಂದ್ರದಲ್ಲೂ ಎಲ್ಲ ಡ್ರಾಪ್ಸ್ ಇರುವುದಿಲ್ಲ, ಹೋಗುವ ಮುಂಚೆ ಕೇಳಿಕೊಳ್ಳಿ. ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ಹುಡುಕಬಹುದು. ಸಹಾಯವಾಣಿ 1800 180 8080.

ಆನ್‌ಲೈನ್‌ನಲ್ಲಿ ಚೀಟಿ ಅಪ್‌ಲೋಡ್ ಮಾಡಿ ತರಿಸುವವರು ಈಗ ಜಾಸ್ತಿ. ತರಿಸಿ, ಆದರೆ ಫ್ರಿಜ್‌ನಲ್ಲಿ ಇಡಬೇಕಾದ ಔಷಧವಾದರೆ ತಂಪು ಪ್ಯಾಕ್‌ನಲ್ಲಿ ಬರುತ್ತದಾ ಅಂತ ಮೊದಲೇ ನೋಡಿ. ಏಪ್ರಿಲ್‌ನಲ್ಲಿ ಪಾರ್ಸೆಲ್ ಗೋಡೌನ್‌ನೊಳಗೆ ಎರಡು ದಿನ ಬೆಂದ ಬಾಟಲಿ ಬೇಡ. ಊರೆಲ್ಲ ಹುಡುಕಿದರೂ ಯಾವ ಬ್ರ್ಯಾಂಡೂ ಸಿಗದೇ ಹೋದರೆ ಬೆಲೆ ಪ್ರಾಧಿಕಾರದ ‘ಫಾರ್ಮಾ ಜನ್ ಸಮಾಧಾನ್’ನಲ್ಲಿ ದೂರು ಹಾಕಬಹುದು, ಔಷಧ ಸಿಗದ ದೂರು ತಗೊಳ್ಳುವುದಕ್ಕೇ ಅದು ಇರುವುದು. ನಾಳೆ ರಾತ್ರಿಯ ಹನಿಗೆ ಅದರಿಂದ ಉಪಯೋಗವಿಲ್ಲ ಅನ್ನೋದೂ ನಿಜ.

ನಡುವೆ ಹನಿ ತಪ್ಪಿದರೆ

ಒಂದು ರಾತ್ರಿ ತಪ್ಪಿದರೆ ಗಾಬರಿ ಬೇಡ. ಮರುದಿನ ಮಾಮೂಲಿ ಹೊತ್ತಿಗೆ ಒಂದೇ ಹನಿ ಹಾಕಿ. ನಿನ್ನೆದೂ ಸೇರಿಸಿ ಎರಡು ಹಾಕಬಾರದು. ಕೆಲವು ಔಷಧಗಳ ಪರಿಣಾಮ ಪೂರ್ತಿ ಇಳಿಯಲು ದಿನಗಳು, ವಾರಗಳು ಹಿಡಿಯುತ್ತವೆ. ಹಾಗಂತ ಅದೇ ನೆಚ್ಚಿಕೊಂಡು ಕೂರುವಂತಿಲ್ಲ, ಇಳಿಯುತ್ತಾ ಇರುವುದಂತೂ ಖಂಡಿತ. ಬಾಟಲಿ ಮುಗಿಯುವ ದಿನವೇ ಡಾಕ್ಟರ್‌ಗೆ ಗೊತ್ತಾಗಬೇಕು. ನರ ಆಗಲೇ ಬಹಳ ಸವೆದವರಿಗೆ, ಒಂದೇ ಕಣ್ಣು ಉಳಿದವರಿಗೆ ಕಾಯುವ ಅವಕಾಶ ಇನ್ನೂ ಕಮ್ಮಿ. ಡಾಕ್ಟರ್ ಬೇರೆ ಮನೆತನದ ಹನಿ ಬರೆಯಬಹುದು, ಕೆಲವು ದಿನಕ್ಕೆ ಅಸೆಟಜೊಲಮೈಡ್ ಮಾತ್ರೆ ಕೊಡಬಹುದು. ಈ ಮಾತ್ರೆ ಕಿಡ್ನಿ ತೊಂದರೆ, ಸಲ್ಫಾ ಅಲರ್ಜಿ ಇರುವವರಿಗೆ ಆಗಿಬರುವುದಿಲ್ಲ. ನಾವೇ ತಂದು ನುಂಗುವಂಥದ್ದಲ್ಲ.

ಪಕ್ಕದ ಮನೆಯವರ ಬಾಟಲಿ ಎರವಲು ತರಬೇಡಿ. ಒಬ್ಬರ ರೆಪ್ಪೆಗೆ ತಾಗಿದ ಮೂತಿಯಿಂದ ಇನ್ನೊಬ್ಬರ ಕಣ್ಣಿಗೆ ಸೋಂಕು ಬರುತ್ತದೆ. ಕಣ್ಣು ಒಣಗುವುದಕ್ಕೆ ಹಾಕುವ ಡ್ರಾಪ್ಸ್ ಒಳಗಿನ ಪ್ರೆಶರ್ ಇಳಿಸುವುದಿಲ್ಲ. ನಂದಿಬಟ್ಟಲು ಹೂವಿನ ನೀರು ಹಾಕುವ ರೂಢಿ ನಮ್ಮ ಕಡೆ ಇನ್ನೂ ಇದೆ. ಕಣ್ಣಿಗೆ ತಂಪು ಅನ್ನಿಸಬಹುದು, ಪ್ರೆಶರ್‌ಗೆ ಅದು ಔಷಧವಲ್ಲ.

ಒಂದು ಪರಿಸ್ಥಿತಿಯಲ್ಲಿ ಮಾತ್ರ ಮೆಡಿಕಲ್ ಹುಡುಕುವುದನ್ನು ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು. ಕಣ್ಣು ಕೆಂಪಾಗಿ ತಡೆಯಲಾಗದ ನೋವು, ತಲೆನೋವು, ವಾಂತಿ, ದೀಪದ ಸುತ್ತ ಕಾಮನಬಿಲ್ಲಿನಂಥ ಉಂಗುರ, ಇದ್ದಕ್ಕಿದ್ದಂತೆ ಮಂಜು. ತೂಬು ಪೂರ್ತಿ ಮುಚ್ಚಿಕೊಂಡ ಲಕ್ಷಣ ಇದು. ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗಬಹುದು. ವಾಂತಿ ನೋಡಿ ಗ್ಯಾಸ್ಟ್ರಿಕ್ ಅಂದುಕೊಂಡು ರಾತ್ರಿ ಕಳೆಯಬೇಡಿ.

ಪದೇ ಪದೇ ಹೀಗೆ ಡ್ರಾಪ್ಸ್‌ಗೆ ಒದ್ದಾಡುವವರು ಮುಂದಿನ ಸಲ ಡಾಕ್ಟರ್ ಹತ್ತಿರ ಲೇಸರ್ ಬಗ್ಗೆ ಕೇಳಬಹುದು. ಜರಡಿಗೆ ಲೇಸರ್ ಬೆಳಕು ಹಾಯಿಸಿ ಹೊರಹರಿವು ಹೆಚ್ಚಿಸುವ ಚಿಕಿತ್ಸೆ ಇದೆ. ಬ್ರಿಟನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮೊದಲೇ ಈ ಲೇಸರ್ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 74 ಮಂದಿಗೆ ಮೂರು ವರ್ಷದ ಹೊತ್ತಿಗೂ ಡ್ರಾಪ್ಸ್ ಇಲ್ಲದೆ ಪ್ರೆಶರ್ ಹತೋಟಿಯಲ್ಲಿತ್ತು. ಅವರೆಲ್ಲ ಹೊಸದಾಗಿ ಕಾಯಿಲೆ ಪತ್ತೆಯಾದವರು. ಎಲ್ಲ ಬಗೆಯ ಗ್ಲಾಕೋಮಾಗೂ ಇದು ಹೊಂದುವುದಿಲ್ಲ.

ಸಿಕ್ಕ ಬಾಟಲಿಯ ಲೆಕ್ಕ

ಎರಡೂವರೆ ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 75ರಿಂದ 80 ಹನಿ ಇರುತ್ತದೆ. ಎರಡು ಕಣ್ಣಿಗೆ ರಾತ್ರಿ ಒಂದೊಂದು ಅಂದರೆ ತಿಂಗಳಿಗೆ 60. ಕೆನ್ನೆಗೆ ಬಿದ್ದದ್ದು, ‘ಬಿತ್ತೋ ಇಲ್ವೋ’ ಅಂತ ಅನುಮಾನದಲ್ಲಿ ಇನ್ನೊಂದು ಹಾಕಿದ್ದು ಸೇರಿದರೆ ಇಪ್ಪತ್ತನೇ ದಿನಕ್ಕೇ ಖಾಲಿ. ಕಣ್ಣಿನಲ್ಲಿ ಒಂದು ಹನಿಗೇ ಜಾಗ ಸಾಲದು, ಎರಡನೆಯದು ಹೊರಗೇ ಹರಿಯುತ್ತದೆ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಜೋಳಿಗೆ ಮಾಡಿ ಒಂದು ಹನಿ ಬಿಡಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಔಷಧ ಮೂಗಿಗೆ ಇಳಿಯದೆ ಕಣ್ಣಲ್ಲೇ ಉಳಿಯುತ್ತದೆ. ಅಮ್ಮನಿಗೆ ಕೈ ನಡುಗುತ್ತದೆ, ಹಾಗಾಗಿ ಮಲಗಿಸಿ ನಾನೇ ಹಾಕುತ್ತೇನೆ. ಆಗಿಂದ ಬಾಟಲಿ ತಿಂಗಳು ಪೂರ್ತಿ ಬರುತ್ತಿದೆ.

ಸಿಗದ ಔಷಧ ಸಿಕ್ಕಿತು ಅಂತ ವರ್ಷಕ್ಕಾಗುವಷ್ಟು ತಂದು ತುಂಬಿಸಿಡಬೇಡಿ. ಎಕ್ಸ್‌ಪೈರಿ ಒಂದು ಕಡೆ, ನಿಮ್ಮ ಹಿಂದೆ ಬರುವವರಿಗೆ ‘ಇಲ್ಲ’ ಅನ್ನಿಸಿಕೊಳ್ಳುವುದು ಇನ್ನೊಂದು ಕಡೆ. ಮನೆಯಲ್ಲಿ ಸೀಲ್ ಒಡೆಯದ ಬಾಟಲಿ ಒಂದು ಇದ್ದರೆ ಸಾಕು. ಲಟಾನೊಪ್ರಾಸ್ಟ್‌ನ ಹಲವು ಬ್ರ್ಯಾಂಡ್‌ಗಳನ್ನು ಒಡೆಯುವ ತನಕ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್‌ನ ಕೆಳಭಾಗದಲ್ಲಿ ಇಡಬೇಕು, ಐಸ್ ಕಟ್ಟುವ ಕಡೆ ಅಲ್ಲ. ಫ್ರಿಜ್ ಬೇಡದ ಬಗೆಯೂ ಈಗ ಸಿಗುತ್ತದೆ. ನಿಮ್ಮದು ಯಾವುದು ಅನ್ನೋದು ಡಬ್ಬಿಯ ಮೇಲೇ ಬರೆದಿರುತ್ತದೆ. ಕರೆಂಟ್ ಹೋಗಿ ಬರುವ ಊರಿನವರು ಈ ಬಗೆಯ ಬಗ್ಗೆ ಡಾಕ್ಟರ್‌ನ ಕೇಳಿದರೆ ಒಳ್ಳೆಯದು. ಮೈಸೂರಿನಿಂದ ತರುವಾಗ ಐಸ್ ಪ್ಯಾಕ್ ಅನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ, ಬಾಟಲಿಗೆ ನೇರ ತಾಗಿಸಬೇಡಿ. ಒಡೆದ ಮೇಲೆ ಎಷ್ಟು ದಿನ ಬಳಸಬಹುದು ಅನ್ನೋದು ಸಾಮಾನ್ಯವಾಗಿ ನಾಲ್ಕು ವಾರ, ಕೆಲವಕ್ಕೆ ಆರು. ಹನಿ ಉಳಿದಿದ್ದರೂ ಆಮೇಲೆ ಎಸೆಯಬೇಕು.

ನಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಈಗ ಹಾಲಿನ ಲೆಕ್ಕದ ಪಕ್ಕ ಬಾಟಲಿ ಒಡೆದ ದಿನಕ್ಕೆ ಒಂದು ಸುತ್ತು ಹಾಕಿದೆ, ಹದಿನೆಂಟು ದಿನ ಮುಂದೆ ಇನ್ನೊಂದು ಸುತ್ತು. ಎರಡನೇ ಸುತ್ತಿನ ದಿನ ಬೀದಿ ತುದಿಯ ಮೆಡಿಕಲ್‌ಗೆ ಫೋನ್ ಮಾಡುತ್ತೇನೆ. ‘ಹೇಳಿ ಅಣ್ಣ, ಲಟಾನೊಪ್ರಾಸ್ಟ್ ತಾನೆ?’ ಅನ್ನುತ್ತಾರೆ. ಬ್ರ್ಯಾಂಡ್ ಹೆಸರು ಇಬ್ಬರ ಬಾಯಲ್ಲೂ ಬರುವುದಿಲ್ಲ.